ಆಲೋಚನೆ ಮೊದಲೋ, ಚಟುವಟಿಕೆ ಮೊದಲೋ: ಸಿಬಿಟಿಯ ಪುರಾವೆಗಳು ಮತ್ತು ಮಂಡ್ಯದ ರೈತ

ಖಿನ್ನತೆಗೆ ಕೊಡುವ ಮಾತಿನ ಚಿಕಿತ್ಸೆಗಳಲ್ಲಿ ಅರಿವು-ವರ್ತನಾ ಚಿಕಿತ್ಸೆಯಷ್ಟು, ಅಂದರೆ ಸಿಬಿಟಿಯಷ್ಟು, ಪರೀಕ್ಷೆಗೊಳಗಾದದ್ದು ಇನ್ನೊಂದಿಲ್ಲ. ಪಿಮ್ ಕೈಪರ್ಸ್ ತಂಡ 2023ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದೇ 409 ಪ್ರಯೋಗಗಳನ್ನು, 52,702 ರೋಗಿಗಳನ್ನು ಒಳಗೊಂಡಿದೆ. ಚಿಕಿತ್ಸೆಯಿಂದ ಗುಣವಾಗುತ್ತದೆ ಎಂಬುದರಲ್ಲಿ ತಕರಾರಿಲ್ಲ. ಯಾವ ಕಾರಣಕ್ಕೆ ಗುಣವಾಗುತ್ತದೆ ಎಂಬುದರಲ್ಲಿದೆ.

ತನ್ನನ್ನು, ಲೋಕವನ್ನು, ಭವಿಷ್ಯವನ್ನು ಕುರಿತ ವಕ್ರ ಆಲೋಚನೆಗಳೇ ಖಿನ್ನತೆಯನ್ನು ಪೋಷಿಸುತ್ತವೆ, ಅವನ್ನು ತಿದ್ದಿದರೆ ಮನಸ್ಸು ತಿಳಿಯಾಗುತ್ತದೆ ಎಂಬುದು ಏರನ್ ಬೆಕ್ ಅವರ ಸಿದ್ಧಾಂತ. ನೀಲ್ ಜೇಕಬ್ಸನ್ 1996ರಲ್ಲಿ ಈ ಚಿಕಿತ್ಸೆಯನ್ನು ಬಿಡಿಬಿಡಿಯಾಗಿಸಿ ನೋಡಿದರು. 150 ರೋಗಿಗಳಲ್ಲಿ ಒಂದು ಗುಂಪಿಗೆ ದಿನಚರಿಯನ್ನು ಹಳಿಗೆ ತರುವ ಚಟುವಟಿಕೆಯ ಭಾಗ ಮಾತ್ರ, ಇನ್ನೊಂದಕ್ಕೆ ಅದರ ಜೊತೆ ಆಲೋಚನೆ ತಿದ್ದುವ ಅಭ್ಯಾಸ, ಮೂರನೆಯದಕ್ಕೆ ಪೂರ್ತಿ ಚಿಕಿತ್ಸೆ. ಮೂರರ ಫಲವೂ ಹೆಚ್ಚುಕಡಿಮೆ ಒಂದೇ! ಸಿದ್ಧಾಂತಕ್ಕೆ ಇದು ಸಣ್ಣ ಪೆಟ್ಟಲ್ಲ.

ನಮಗೆ ಹತ್ತಿರದ ಪುರಾವೆ ಗೋವಾದ್ದು. ವಿಕ್ರಮ್ ಪಟೇಲ್ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚಟುವಟಿಕೆಯ ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು. ಆರರಿಂದ ಎಂಟು ಭೇಟಿಗಳ ಈ ಚಿಕಿತ್ಸೆಯಲ್ಲಿ ಶೇ. 64ರಷ್ಟು ಜನ ಚೇತರಿಸಿಕೊಂಡರು. ಅದಿಲ್ಲದ ಗುಂಪಿನಲ್ಲಿ ಶೇ. 39.

ಇದನ್ನು ಮಂಡ್ಯಕ್ಕೆ ತಂದು ನೋಡೋಣ. 2015ರಲ್ಲಿ ಇಲ್ಲಿನ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ರಾಜ್ಯವನ್ನೇ ಕಲಕಿದ್ದವು. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ಮದ್ದೂರು, ಮಳವಳ್ಳಿ ಸೀಮೆಯ ರೈತನೊಬ್ಬನನ್ನು ಊಹಿಸಿಕೊಳ್ಳಿ. ನಾಲೆ ನೀರು ತಲುಪಿಲ್ಲ, ಕಾರ್ಖಾನೆಯಿಂದ ಕಟಾವಿನ ಆದೇಶ ಬಂದಿಲ್ಲ, ಕೈಸಾಲದ ಬಡ್ಡಿ ಏರುತ್ತಿದೆ. ‘ಈ ವರ್ಷ ಸಾಲ ತೀರಲ್ಲ’ ಎಂಬುದು ವಕ್ರ ಆಲೋಚನೆಯಲ್ಲ, ಲೆಕ್ಕ. ‘ಊರೋರ ಮುಂದೆ ತಲೆ ಎತ್ತಂಗಿಲ್ಲ, ನಾನಿದ್ದೇನು ಪ್ರಯೋಜನ’ ಎಂಬುದು ಬೇರೆ. ಮೊದಲನೆಯದನ್ನೇ ತಿದ್ದಲು ಹೊರಟ ಆಪ್ತಸಲಹೆಗಾರ ರೈತನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾನೆ. ಚಟುವಟಿಕೆಯ ದಾರಿಗೆ ಈ ತೊಡಕಿಲ್ಲ: ಮನಸ್ಸಿಲ್ಲದಿದ್ದರೂ ಬೆಳಗ್ಗೆ ಎದ್ದು ಡೇರಿಗೆ ತಾನೇ ಹಾಲು ಹಾಕಿ ಬರುವುದು, ಬಿಟ್ಟೇಬಿಟ್ಟಿದ್ದ ಅರಳಿಕಟ್ಟೆಯ ಕಡೆಗೊಮ್ಮೆ ಹೋಗುವುದು, ಸೊಸೈಟಿಯಲ್ಲಿ ಸಾಲದ ಪೂರ್ತಿ ಲೆಕ್ಕ ಬರೆಸಿಕೊಳ್ಳುವುದು.

ಆದರೆ ಗೋವಾದಲ್ಲಿ ಆಯ್ಕೆಯಾದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದವರು. ಸಾಲ ಕೊಟ್ಟವರ ಮುಖ ತಪ್ಪಿಸಿಕೊಂಡು ಮನೆಯೊಳಗೇ ಉಳಿದವನು ಅಲ್ಲಿ ಸಿಗುವುದಿಲ್ಲ. ಆಶಾ ಕಾರ್ಯಕರ್ತೆಯೇ ಅವನ ಬಾಗಿಲಿಗೆ ಹೋಗಬೇಕು. ಮೇಲಾಗಿ, ಸಾಲವನ್ನು ಹಾಗೇ ಬಿಟ್ಟು ಮನಸ್ಸನ್ನಷ್ಟೇ ರಿಪೇರಿ ಮಾಡುವುದು ಅರ್ಧ ಕೆಲಸ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಿಮ್ಹಾನ್ಸ್ ಜೊತೆಗೂಡಿ ಎರಡನ್ನೂ ಪರೀಕ್ಷಿಸಲಿ: ಒಂದು ಗುಂಪಿಗೆ ಚಿಕಿತ್ಸೆ, ಇನ್ನೊಂದಕ್ಕೆ ಚಿಕಿತ್ಸೆಯ ಜೊತೆ ಸಾಲದ ಮರುಹೊಂದಾಣಿಕೆ. ಅಲ್ಲಿಯವರೆಗೆ ಕಾಯಲಾಗದವರಿಗೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.