ಹಳೆಯ ಪಿಕಪ್‌ನ ನಾದ ಎಲ್ಲಿಂದ ಬರುತ್ತದೆ?

ಗಿಟಾರಿನ ಪಿಕಪ್ಪನ್ನು ಹಾಗೆಯೇ ತಂದು ಸರಸ್ವತಿ ವೀಣೆಗೆ ಕೂರಿಸಿದರೆ ಉಕ್ಕಿನ ಸಾರಣಿ ತಂತಿ ಗಟ್ಟಿಯಾಗಿ ನುಡಿಯುತ್ತದೆ, ಹಿತ್ತಾಳೆಯ ಮಂದ್ರದ ತಂತಿ ಮೂಕವಾಗುತ್ತದೆ. ಪಿಕಪ್ ಎಂದರೆ ಗಾಳಿಯ ಅಲೆ ಹಿಡಿಯುವ ಮೈಕ್ ಅಲ್ಲ. ಮ್ಯಾಗ್ನೆಟ್ಟಿನ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅಲುಗಿದರೆ ಕಾಂತಕ್ಷೇತ್ರವೂ ಅಲುಗಿ ಆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹಿತ್ತಾಳೆ ಅದರ ಲೆಕ್ಕಕ್ಕೇ ಬರುವುದಿಲ್ಲ.

ಬೆಂಗಳೂರಿನಲ್ಲಿ ವೀಣೆಯನ್ನು ಈ ದಾರಿಗೆ ತಂದವರು ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್. ಎಚ್‌ಎಎಲ್‌ನಲ್ಲಿದ್ದ ಎಂಜಿನಿಯರ್, ಕೊಳಲು ವಾದಕ. 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು, ಮುಂದೆ ಹಲಸಿನ ಕೊಡವೇ ಇಲ್ಲದ ಎಲೆಕ್ಟ್ರಾನಿಕ್ ವೀಣೆ. 

ಮ್ಯಾಗ್ನೆಟ್ಟು, ಸುರುಳಿಗಳ ಈ ತಂತ್ರದ ಮೂಲ ಹವಾಯಿಯನ್ ಗಿಟಾರಿನಲ್ಲಿದೆ. ಜಾರ್ಜ್ ಬೋಶಾಂ ರೂಪಿಸಿದ ಲಾಳಾಕಾರದ ಮ್ಯಾಗ್ನೆಟ್ಟಿನ ಪಿಕಪ್ 1930ರ ದಶಕದ ಆರಂಭದಲ್ಲೇ ಬಳಕೆಗೆ ಬಂದಿತ್ತು, ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. 1936ರಲ್ಲಿ ಗಿಬ್ಸನ್‌ನ ಇಎಸ್-150 ಬಂತು. ಅದರ ಪಿಕಪ್ಪಿನಲ್ಲಿ ಎಲ್ಲ ತಂತಿಗಳ ಕೆಳಗೂ ಒಂದೇ ಉಕ್ಕಿನ ಪಟ್ಟಿ. 1954ರ ಫೆಂಡರ್ ಸ್ಟ್ರಾಟೋಕ್ಯಾಸ್ಟರ್‌ನಲ್ಲಿ ತಂತಿಗೊಂದರಂತೆ ಆರು ಅಲ್ನಿಕೊ ಮ್ಯಾಗ್ನೆಟ್ಟಿನ ಗೂಟಗಳು.

ನಾದದಲ್ಲಿ ತಂತಿ ಸುತ್ತುವ ಕೈಗಳ ಪಾಲು ದೊಡ್ಡದು. ಫೆಂಡರ್ ಕಾರ್ಖಾನೆಯಲ್ಲಿ ಯಂತ್ರ ಬಾಬಿನ್ ತಿರುಗಿಸುತ್ತಿತ್ತು, ತಂತಿಯನ್ನು ಬೆರಳ ನಡುವೆ ಹಿಡಿದು ಅತ್ತಿತ್ತ ಸರಿಸುತ್ತಿದ್ದವರು ಅಬಿಗೇಲ್ ಇಬಾರಾ ಅವರಂಥ ಹೆಣ್ಣುಮಕ್ಕಳು. ಬೆರಳ ಬಿಗಿ ಬದಲಾದಂತೆ ಸುತ್ತುಗಳ ನಡುವಿನ ಸಂದು ಬದಲಾಗುತ್ತದೆ. ಸಂದು ಹೆಚ್ಚಿದರೆ ಕೆಪಾಸಿಟೆನ್ಸ್ ಕಡಿಮೆ, ತಾರದ ಹೊಳಪು ಹೆಚ್ಚು.

ಗಿಬ್ಸನ್‌ನಲ್ಲಿ ಸೆತ್ ಲವರ್ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಕರೆಂಟಿನ ಗುಂಯ್‌ಗುಡುವಿಕೆಯನ್ನು ಅಳಿಸುವ ಹಂಬಕರ್ ಮಾಡಿದರು. 1957ರಿಂದ ಗಿಟಾರುಗಳಲ್ಲಿ ಬಂದ ಇದನ್ನು, ಹಿಂಬದಿಯ ಚೀಟಿಯ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಬರಹದಿಂದಾಗಿ, ಪಿಎಎಫ್ ಎನ್ನುತ್ತಾರೆ. ಇಂದು ಅತಿ ಹೆಚ್ಚು ನಕಲಾಗಿರುವ ಪಿಕಪ್ ಇದೇ ಇರಬೇಕು. ಆದರೆ ಯಾವ ಪಿಎಎಫ್‌ನ ನಕಲು? ಆಗ ಸುತ್ತಿನ ಎಣಿಕೆ ಬಿಗಿಯಾಗಿರಲಿಲ್ಲ, ಬಾಬಿನ್ ತುಂಬಿದಂತೆ ಕಂಡಾಗ ನಿಲ್ಲಿಸುತ್ತಿದ್ದರು. ಒಂದು ಪಿಕಪ್ 7 ಕಿಲೋಓಮ್ ತೋರಿದರೆ ಇನ್ನೊಂದು 9. ಮ್ಯಾಗ್ನೆಟ್ಟೂ ಕೈಗೆ ಸಿಕ್ಕ ದರ್ಜೆಯ ಅಲ್ನಿಕೊ. ಒಂದೇ ಪಿಕಪ್ಪಿನ ಎರಡು ಸುರುಳಿಗಳೇ ಸಮ ಇರುತ್ತಿರಲಿಲ್ಲ. ಆ ಅಸಮತೆಯಿಂದ ಮೇಲಿನ ಸ್ವರಾಂಶಗಳು ಪೂರ್ತಿ ಕಳೆದುಹೋಗದೆ ಉಳಿದವು. ಜನ ಇವತ್ತು ಅಪಾರ ಹಣ ಕೊಟ್ಟು ಹುಡುಕುವ ನಾದ ಈ ಏರುಪೇರುಗಳದ್ದೇ ಎಂದು ನಾನು ದೃಢವಾಗಿ ನಂಬುತ್ತೇನೆ.

1970ರ ದಶಕದಲ್ಲಿ ಡಿಮಾರ್ಜಿಯೊ, ಸೀಮೋರ್ ಡಂಕನ್ ಅವರೊಂದಿಗೆ ಬದಲಿ ಪಿಕಪ್‌ಗಳ ಉದ್ಯಮ ಬೆಳೆಯಿತು. ವೈಟ್‌ಫೀಲ್ಡಿನ ಕಂಪನಿಗಳಲ್ಲಿ ಹಗಲು ದುಡಿದು ಸಂಜೆ ಗಿಟಾರ್ ಹಿಡಿಯುವವರೂ ಈಗ ಅಂಥವನ್ನು ತರಿಸಿಕೊಳ್ಳುತ್ತಾರೆ. ಕೊಳ್ಳುವವರು ಮೊದಲು ಕೇಳುವುದು ಓಮ್ ಎಷ್ಟು ಎಂದು. ಅದು ದಾರಿ ತಪ್ಪಿಸುವ ಅಂಕಿ. ತಾಮ್ರದ ರೋಧ ಸೆಖೆಗೇ ಏರುತ್ತದೆ, 10 ಡಿಗ್ರಿಗೆ ಸುಮಾರು ಶೇ 4. ನಾದವನ್ನು ತೀರ್ಮಾನಿಸುವುದು ಇಂಡಕ್ಟೆನ್ಸ್ ಮತ್ತು ಕೆಪಾಸಿಟೆನ್ಸ್‌ಗಳ ಜೋಡಿ. 2.4 ಹೆನ್ರಿಯ ಸ್ಟ್ರಾಟ್ ಪಿಕಪ್‌ಗೆ ಕೇಬಲ್ ಸೇರಿ 600 ಪಿಕೋಫ್ಯಾರಡ್ ಇದ್ದರೆ ಅನುರಣನದ ಶಿಖರ 4,200 ಹರ್ಟ್ಸ್ ಸುಮಾರಿಗೆ ಬರುತ್ತದೆ. 4.4 ಹೆನ್ರಿಯ ಹಂಬಕರ್‌ಗೆ ಅದು 3,100ಕ್ಕೆ ಇಳಿಯುತ್ತದೆ. ಕೇಬಲ್ ಉದ್ದವಾದಷ್ಟೂ ಇನ್ನೂ ಕೆಳಗೆ.

ಪೀಣ್ಯದ ವೈಂಡಿಂಗ್ ಶಾಪುಗಳಲ್ಲಿ ರಿಲೇ, ಸೊಲೆನಾಯ್ಡ್ ಕಾಯಿಲ್ ಸುತ್ತುವ ಕೈಗಳಿಗೆ ಪಿಕಪ್ ಸುತ್ತುವ ಕೆಲಸ ಹೊಸದಲ್ಲ. ತಂತಿಯ ಗೇಜಿನಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಸ್ಟ್ರಾಟ್, ಪಿಎಎಫ್ ಪಿಕಪ್‌ಗಳದ್ದು ಅಮೆರಿಕದ 42 ಗೇಜ್, 0.063 ಮಿಲಿಮೀಟರ್. ನಮ್ಮಲ್ಲಿ ರೂಢಿಯ ಎಸ್‌ಡಬ್ಲ್ಯೂಜಿ ಲೆಕ್ಕದಲ್ಲಿ ಹತ್ತಿರದ್ದು 46, ಅಂದರೆ 0.061. ಅದರಲ್ಲಿ ಅಷ್ಟೇ ಸುತ್ತು ಹಾಕಿದರೆ ರೋಧ ಸುಮಾರು ಶೇ 8 ಏರುತ್ತದೆ. ಓಮ್ ನೋಡಿ ನಿಲ್ಲಿಸಿದರೆ ಸುತ್ತು ಕಡಿಮೆಯಾಗಿ ಇಂಡಕ್ಟೆನ್ಸ್ ಕುಸಿಯುತ್ತದೆ. ಮೀಟರಿನಲ್ಲಿ ಸರಿ ಕಂಡ ಪಿಕಪ್ ಕಿವಿಗೆ ತೆಳುವಾಗುತ್ತದೆ. ಇಂಡಕ್ಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಇಟ್ಟು, ಸುತ್ತು ಎಣಿಸಿ ಮಾಡುವುದೇ ಸರಿ.

ವೀಣೆಗಾಗಿಯೇ ಸುತ್ತುವವರು ಸ್ಟ್ರಾಟ್ ಮಾದರಿಯನ್ನು ಬಿಟ್ಟು 1936ರ ಗಿಬ್ಸನ್ ಪಟ್ಟಿಯ ಕಡೆ ನೋಡಬೇಕು. ಗಮಕಕ್ಕಾಗಿ ತಂತಿಯನ್ನು ಪಕ್ಕಕ್ಕೆ ಎಳೆದಾಗ ಅದು ಗೂಟದ ನೆತ್ತಿಯಿಂದ ಸರಿಯುತ್ತದೆ, ದನಿ ಕುಗ್ಗುತ್ತದೆ. ಕುದುರೆಯ ಬಳಿ ಈ ಸರಿತ ಅಲ್ಪ, ಆದರೆ ಅಲ್ಲಿ ದನಿ ಚೂಪು. ದುಂಡು ನಾದ ಬೇಕೆಂದು ಪಿಕಪ್ಪನ್ನು ಮೆಟ್ಟಿಲುಗಳ ಕಡೆಗೆ ತಂದಷ್ಟೂ ಸರಿತ ಹೆಚ್ಚು. ಅಖಂಡ ಪಟ್ಟಿಯಿದ್ದರೆ ತಂತಿ ಎತ್ತ ಸರಿದರೂ ಕೆಳಗೆ ಕಾಂತವಿರುತ್ತದೆ. ಮಂದ್ರಕ್ಕೆ ಉಕ್ಕಿನ ತಿರುಳಿರುವ ತಂತಿ ಹಾಕಿದರೆ ಅದೂ ನುಡಿಯುತ್ತದೆ.