ಆಕ್ಷನ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆತ್ಮರಕ್ಷಣೆ: ಒಂದು ಐತಿಹಾಸಿಕ ವಿವೇಚನೆ

ಆಕ್ಷನ್ ರೋಲ್‌ಪ್ಲೇಯಿಂಗ್ ಎಂದು ಹೆಸರಾದ ವಿಡಿಯೋ ಆಟಗಳಲ್ಲಿ ಆಟಗಾರನು ಒಬ್ಬ ಯೋಧನ ಪಾತ್ರವನ್ನು ವಹಿಸುತ್ತಾನೆ. ಆ ಯೋಧನ ಬಲ, ಚುರುಕು, ಕವಚ ಮೊದಲಾದವು ಅಂಕಿಗಳ ರೂಪದಲ್ಲಿ ಬೆಳೆಯುತ್ತ ಹೋಗುತ್ತವೆ. ಕಾಳಗವಾದರೋ ಆಟಗಾರನ ಕೈಬೆರಳುಗಳಿಂದಲೇ ನಡೆಯಬೇಕು. ಈ ಆಟಗಳ ಚರಿತ್ರೆಯನ್ನು ಹೇಳುವಾಗ ಆಯುಧ, ಕಥೆ, ಚಿತ್ರಣಗಳ ಕಡೆಗೆ ಲಕ್ಷ್ಯ ಹರಿಯುವುದು ಸಹಜ; ಆತ್ಮರಕ್ಷಣೆಯ ವಿಚಾರ ಹಿಂದೆ ಉಳಿಯುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು, ಪೆಟ್ಟಿನಿಂದ ಪಾರಾಗುವ ಹೊಣೆಯು ಕಾಲಕಾಲಕ್ಕೆ ಅಂಕಿಯ ಮೇಲೆ ಬಿದ್ದಿತೇ, ಆಟಗಾರನ ಕೈಯ ಮೇಲೆ ಬಿದ್ದಿತೇ ಎಂಬುದನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಆಟದ ಬಾಗಿಲು ಯಾರಿಗೆ ತೆರೆದಿರುತ್ತದೆ, ಯಾರಿಗೆ ಮುಚ್ಚಿರುತ್ತದೆ ಎಂಬ ಪ್ರಶ್ನೆಯೂ ಇದರಲ್ಲಿಯೇ ಅಡಗಿದೆ.

ಈ ಪ್ರಕಾರದ ಮೂಲವನ್ನು ಅರಸಿದರೆ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟವನ್ನು ತಲುಪುತ್ತೇವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಆ ಆಟದಲ್ಲಿ ರಕ್ಷಣೆಯೆಂಬುದು ಒಂದು ಸಂಖ್ಯೆ. ಕವಚ, ಗುರಾಣಿಗಳಿಗೆ ತಕ್ಕಂತೆ ಅದು ನಿಗದಿಯಾಗುತ್ತದೆ. ಪೆಟ್ಟು ತಗಲಿತೇ ಇಲ್ಲವೇ ಎಂಬುದನ್ನು ದಾಳವು ತೀರ್ಮಾನಿಸುತ್ತದೆ. ಅಂದರೆ ರಕ್ಷಣೆಯ ಏರ್ಪಾಡು ಬಹುಮಟ್ಟಿಗೆ ಕಾಳಗಕ್ಕೆ ಮೊದಲೇ ಮುಗಿದಿರುತ್ತದೆ.

ಜಪಾನಿನಲ್ಲಿ 1984ರಲ್ಲಿ ಹೊರಬಂದ ಎರಡು ಆಟಗಳು ಈ ಹೊಣೆಯನ್ನು ಸ್ವಲ್ಪಮಟ್ಟಿಗೆ ಕೈಗೆ ವರ್ಗಾಯಿಸಿದವು. ನಾಮ್ಕೊ ಸಂಸ್ಥೆಯ ‘ದಿ ಟವರ್ ಆಫ್ ಡ್ರುವಾಗ’ದಲ್ಲಿ ಕತ್ತಿಯನ್ನು ಹಿರಿಯದೆ ಇರುವಾಗ ಗುರಾಣಿ ಯೋಧನ ಮುಂದಿರುತ್ತದೆ, ಕತ್ತಿಯನ್ನು ಹಿರಿದೊಡನೆ ಪಕ್ಕಕ್ಕೆ ಸರಿಯುತ್ತದೆ. ‘ಹೈಡ್‌ಲೈಡ್’ನಲ್ಲಿ ಆಕ್ರಮಣದ ಸ್ಥಿತಿ, ರಕ್ಷಣೆಯ ಸ್ಥಿತಿ ಎಂಬೆರಡನ್ನು ಆಟಗಾರನೇ ಬದಲಾಯಿಸಿಕೊಳ್ಳಬೇಕು. ಹೊಡೆಯುವುದೂ ಕಾಯ್ದುಕೊಳ್ಳುವುದೂ ಏಕಕಾಲದಲ್ಲಿ ಸಲ್ಲವೆಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ. 1986ರ ‘ದಿ ಲೆಜೆಂಡ್ ಆಫ್ ಜೆಲ್ಡಾ’ದಲ್ಲಿಯೂ ಯೋಧನು ಸುಮ್ಮನೆ ಎದುರಾಗಿ ನಿಂತರೆ ಗುರಾಣಿಯು ಎಸೆದ ಕಲ್ಲನ್ನು ತಡೆಯುತ್ತದೆ, ಕತ್ತಿ ಬೀಸುತ್ತಿರುವಾಗ ತಡೆಯುವುದಿಲ್ಲ. ಆದರೆ ಗುರಾಣಿಗೆ ಬೆಲೆ ತೆರಬೇಕಾಗಿರಲಿಲ್ಲ. ಎಷ್ಟು ಕಲ್ಲುಗಳನ್ನು ತಡೆದರೂ ಕೈ ದಣಿಯುತ್ತಿರಲಿಲ್ಲ.

ದಣಿವನ್ನು ಲೆಕ್ಕಕ್ಕೆ ತಂದದ್ದು ಮುಂದಿನ ಹೆಜ್ಜೆ. 1993ರ ‘ಸೀಕ್ರೆಟ್ ಆಫ್ ಮಾನಾ’ದಲ್ಲಿ ಒಂದು ಪೆಟ್ಟಿನ ತರುವಾಯ ಬಲ ಮರಳಿ ತುಂಬುವವರೆಗೆ ಕಾಯಬೇಕಾಗಿತ್ತು. 2004ರ ‘ಮಾನ್‌ಸ್ಟರ್ ಹಂಟರ್’ನಲ್ಲಿ ಉರುಳಿ ತಪ್ಪಿಸಿಕೊಳ್ಳುವುದಕ್ಕೂ ತ್ರಾಣ ವ್ಯಯವಾಗತೊಡಗಿತು. ಈ ಎಳೆಗಳೆಲ್ಲವೂ ಒಂದುಗೂಡಿ ಪರಿಪಕ್ವವಾದದ್ದು ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಹಿದೆತಾಕಾ ಮಿಯಾಜಾಕಿಯವರು ನಿರ್ದೇಶಿಸಿದ ‘ಡೀಮನ್ಸ್ ಸೋಲ್ಸ್’ (2009) ಮತ್ತು ‘ಡಾರ್ಕ್ ಸೋಲ್ಸ್’ (2011) ಆಟಗಳಲ್ಲಿ.

‘ಡಾರ್ಕ್ ಸೋಲ್ಸ್’ನ ವ್ಯವಸ್ಥೆಯು ಸ್ವಲ್ಪ ವಿಸ್ತಾರವಾದ ಪರಿಶೀಲನೆಗೆ ಅರ್ಹವಾಗಿದೆ. ಹೊಡೆಯುವುದು, ಓಡುವುದು, ಉರುಳುವುದು, ಗುರಾಣಿಯಿಂದ ತಡೆಯುವುದು, ಈ ನಾಲ್ಕಕ್ಕೂ ಒಂದೇ ತ್ರಾಣದ ಬೊಕ್ಕಸ. ಒಳ್ಳೆಯ ಗುರಾಣಿಯು ಕತ್ತಿಯ ಪೆಟ್ಟನ್ನು ಪೂರ್ತಿಯಾಗಿ ತಡೆದರೂ ಪ್ರತಿ ಪೆಟ್ಟಿಗೂ ತ್ರಾಣ ಕುಗ್ಗುತ್ತದೆ. ಅದು ಬರಿದಾದಾಗ ಗುರಾಣಿ ಸರಿದು ಯೋಧನು ಬಯಲಾಗುತ್ತಾನೆ. ಇದಕ್ಕಿಂತ ಗಮನಾರ್ಹವಾದ ಅಂಶವೆಂದರೆ, ಗುರಾಣಿಯನ್ನು ಎತ್ತಿ ಹಿಡಿದಿರುವಷ್ಟು ಕಾಲ ತ್ರಾಣವು ಮಂದಗತಿಯಲ್ಲಿ ತುಂಬುತ್ತದೆ. ಭಯದಿಂದ ಗುರಾಣಿಯನ್ನು ಇಳಿಸದವನೇ ಬೇಗ ಸಾಯುತ್ತಾನೆ. ಬದುಕಲಿಚ್ಛಿಸುವವನು ಎರಡು ಪೆಟ್ಟುಗಳ ನಡುವೆ ಗುರಾಣಿಯನ್ನು ಇಳಿಸಬೇಕು. ತಾನು ಹೊಡೆಯುವಾಗಲೂ ಒಂದು ಉರುಳಿಗೆ ಸಾಲುವಷ್ಟು ತ್ರಾಣವನ್ನು ಉಳಿಸಿಕೊಳ್ಳಬೇಕು. ಎದುರಾಳಿಯ ವರಸೆಯನ್ನು ಅರಿಯದೆ ಇದು ಸಾಧ್ಯವಿಲ್ಲ. ಆದುದರಿಂದ ಇಲ್ಲಿ ರಕ್ಷಣೆಯು ಜ್ಞಾನಕ್ಕೆ ಸಾಧನವಾಗಿ ಪರಿಣಮಿಸಿದೆ ಎಂದು ನಾವು ಭಾವಿಸುತ್ತೇವೆ.

ಹಾಗೆಂದು ಅಂಕಿಯು ಪದಚ್ಯುತವಾಗಲಿಲ್ಲ. ಹೊತ್ತ ಭಾರವು ಹೊರಬಲ್ಲ ಮಿತಿಯ ನಾಲ್ಕನೆಯ ಒಂದು ಭಾಗವನ್ನು ಮೀರದಿದ್ದರೆ ಯೋಧನು ಚುರುಕಾಗಿ ಉರುಳುತ್ತಾನೆ. ಅರ್ಧವನ್ನು ಮೀರಿದರೆ ಭಾರವಾಗಿ ಉರುಳುತ್ತಾನೆ. ಚುರುಕು ಕೈಯವನು ಹಗುರವಾದ ಉಡುಪಿನಲ್ಲಿ ಉರುಳಿ ಪಾರಾಗಬಹುದು; ನಿಧಾನಿಯು ದಪ್ಪ ಕವಚವನ್ನು ತೊಟ್ಟು ಪೆಟ್ಟನ್ನು ಸಹಿಸಿ ಪಾರಾಗಬಹುದು. ಇವೆರಡೂ ಆಟವು ಒಪ್ಪಿದ ಮಾರ್ಗಗಳು. 2014ರ ‘ಡಾರ್ಕ್ ಸೋಲ್ಸ್ 2’ರಲ್ಲಂತೂ ಉರುಳುವಾಗ ಪೆಟ್ಟು ತಾಗದ ಕ್ಷಣದ ಅವಧಿಯನ್ನೇ ಒಂದು ಅಂಕಿಗೆ ಕಟ್ಟಿಹಾಕಲಾಯಿತು.

ಅನಂತರದ ಕೃತಿಗಳಲ್ಲಿ ದಾರಿ ಕಿರಿದಾದಂತೆ ಕಂಡುಬರುತ್ತದೆ. 2015ರ ‘ಬ್ಲಡ್‌ಬೋರ್ನ್’ ಗುರಾಣಿಯನ್ನು ಬಹುತೇಕ ಕೈಬಿಟ್ಟು, ಪೆಟ್ಟು ತಿಂದವನು ಕೂಡಲೇ ತಿರುಗಿ ಹೊಡೆದರೆ ಕಳೆದುಕೊಂಡ ಜೀವಬಲದ ಅಂಶವನ್ನು ಮರಳಿ ಪಡೆಯುವಂತೆ ಮಾಡಿತು. 2019ರ ‘ಸೆಕಿರೊ’ದಲ್ಲಿ ಕವಚದ ಆಯ್ಕೆಯೂ ಇಲ್ಲ, ತ್ರಾಣದ ಲೆಕ್ಕವೂ ಇಲ್ಲ, ಎದುರಾಳಿಯ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಕತ್ತಿಯನ್ನು ಒಡ್ಡಿ ಅದನ್ನು ತಟ್ಟಿಹಾಕಿದರೆ ಅವನ ನಿಲುವೇ ಕದಡುತ್ತದೆ. ರಕ್ಷಣೆಯೇ ಆಕ್ರಮಣವಾಗುವ ಈ ಕಲ್ಪನೆಯು ರಮ್ಯವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೈ ತಡವರಿಸುವವನಿಗೆ, ವಯಸ್ಸಾದವನಿಗೆ, ಅಂಗವೈಕಲ್ಯವುಳ್ಳವನಿಗೆ ಇಲ್ಲಿ ಬದಲಿ ಮಾರ್ಗ ಬಹಳ ಕಡಿಮೆ. ಆ ವರ್ಷ ಸುಲಭ ಕ್ರಮವೊಂದು ಇರಬೇಕೇ ಎಂಬ ಚರ್ಚೆ ಎದ್ದಾಗ, ಕಾಠಿಣ್ಯವೇ ಕೃತಿಯ ಜೀವವೆಂದು ಕೆಲವರು, ಪ್ರವೇಶವೇ ಇಲ್ಲದ ಮೇಲೆ ಕಾಠಿಣ್ಯದ ಸೊಗಸೆಲ್ಲಿಯದೆಂದು ಕೆಲವರು ವಾದಿಸಿದರು. ನಮ್ಮ ದೃಷ್ಟಿಯಲ್ಲಿ ವಿವಾದದ ಮೂಲವು ಕಾಠಿಣ್ಯದ ಪ್ರಮಾಣಕ್ಕಿಂತ ಮಾರ್ಗಗಳ ಸಂಖ್ಯೆಯಲ್ಲಿದೆ. ‘ಡಾರ್ಕ್ ಸೋಲ್ಸ್’ನಲ್ಲಿಯೂ ಸುಲಭ ಕ್ರಮವಿರಲಿಲ್ಲ; ಆದರೆ ಬದುಕುವ ಬಗೆಗಳು ಹಲವಿದ್ದವು.

2022ರ ‘ಎಲ್ಡನ್ ರಿಂಗ್’ ಈ ಅಭಿಪ್ರಾಯವನ್ನು ಸಮರ್ಥಿಸುತ್ತದೆ. ಅಲ್ಲಿ ಗುರಾಣಿಗೆ ಮರಳಿ ಗೌರವ ದೊರೆತು, ಪೆಟ್ಟನ್ನು ತಡೆದ ಕೂಡಲೇ ಬಲವಾಗಿ ತಿರುಗಿ ಹೊಡೆಯುವ ವರಸೆ ಸೇರಿತು. ಶತ್ರುವಿನ ಗಮನವನ್ನು ತಮ್ಮೆಡೆಗೆ ಸೆಳೆಯುವ ಆತ್ಮಗಳನ್ನು ನೆರವಿಗೆ ಕರೆಯಬಹುದಾಯಿತು. ಸೋತವನು ಬೇರೆ ದಿಕ್ಕಿಗೆ ಹೊರಟು, ಬಲ ಬೆಳೆಸಿಕೊಂಡು ಮರಳಬಹುದಾಯಿತು. ಸುಲಭ ಕ್ರಮವೊಂದನ್ನು ಪ್ರತ್ಯೇಕವಾಗಿ ನೀಡದೆಯೇ ಆಟವು ಹಲವು ಬಗೆಯ ಕೈಗಳಿಗೆ ಎಡೆಮಾಡಿಕೊಟ್ಟಿತು.

ಮೇಲ್ಕಂಡ ವಿವೇಚನೆಯಿಂದ, ರಕ್ಷಣೆಯ ಚರಿತ್ರೆಯನ್ನು ಅಂಕಿಯಿಂದ ಕೈಯ ಕಡೆಗೆ ಸಾಗಿದ ನೇರವಾದ ಪ್ರಗತಿಯೆಂದು ಹೇಳಲಾಗದೆಂಬುದು ವ್ಯಕ್ತವಾಗುತ್ತದೆ. ಅಂಕಿಯೊಂದೇ ಉಳಿದಾಗ ಆಟಗಾರನು ಪ್ರೇಕ್ಷಕನಾಗುತ್ತಾನೆ. ಕೈಯೊಂದೇ ಉಳಿದಾಗ ಅನೇಕರು ಹೊರಗುಳಿಯುತ್ತಾರೆ. ಮುಂದೆ ಈ ಆಟಗಳನ್ನು ಅಧ್ಯಯನ ಮಾಡುವವರು ಖಡ್ಗದ ಹರಿತವನ್ನು ಅಳೆಯುವ ಮೊದಲು ಗುರಾಣಿಯ ಬೆಲೆಯನ್ನು ವಿಚಾರಿಸುವುದು ಒಳ್ಳೆಯದು.