ಗಂಟಲಿಗಿಳಿದ ಕೊಳವೆಯ ಚರಿತ್ರೆ

ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ “ಮೇಷ್ಟ್ರು ಇದ್ದಾರಾ?” ಎಂದು ನನ್ನನ್ನೇ ಕೇಳಿದ. ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ದನಿ ಅವನಿಗೆ ಗುರುತು ಸಿಗಲಿಲ್ಲ. ಕೊಯ್ದದ್ದು ಹೊಟ್ಟೆಯನ್ನು, ಒಡೆದದ್ದು ಗಂಟಲು! ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಕೊಳವೆ ಇಳಿಸಿದ್ದರ ಫಲವದು ಎಂದರು ಅರಿವಳಿಕೆ ವೈದ್ಯರು. ಆ ಕೊಳವೆಯ ಪೂರ್ವೋತ್ತರವನ್ನು ಅರಸಿ ಹೊರಟರೆ ಮೊದಲು ಎದುರಾದವರು ಒಬ್ಬ ಸಂಗೀತದ ಮೇಷ್ಟರು.

ಲಂಡನ್ನಿನಲ್ಲಿ ಗಾಯನ ಕಲಿಸುತ್ತಿದ್ದ ಮ್ಯಾನುಯೆಲ್ ಗಾರ್ಸಿಯಾ ಅವರಿಗೆ, ಹಾಡುವಾಗ ಗಂಟಲೊಳಗೆ ನಡೆಯುವುದೇನೆಂದು ಕಾಣುವ ಹಂಬಲ. 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ಬಾಯೊಳಗೆ ಹಿಡಿದು, ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿ, ತಮ್ಮದೇ ಧ್ವನಿತಂತುಗಳ ಚಲನೆಯನ್ನು ಕಂಡರು. ಮರುವರ್ಷ ಅದು ರಾಯಲ್ ಸೊಸೈಟಿಯಲ್ಲಿ ಪ್ರಬಂಧವಾಯಿತು. ವೈದ್ಯರಲ್ಲದ ಅವರು ವೈದ್ಯರಿಗೆ ದಾರಿ ತೋರಿದರು. 101 ವರ್ಷ ಬಾಳಿದರು.

1878ರಲ್ಲಿ ಗ್ಲಾಸ್ಗೋ ನಗರದ ವಿಲಿಯಂ ಮೆಕ್ಯೂವೆನ್, ಬಾಯಿಯ ಗಡ್ಡೆ ತೆಗೆಯುವಾಗ ರಕ್ತವು ಶ್ವಾಸನಾಳಕ್ಕೆ ಇಳಿಯದಿರಲೆಂದು, ಎಚ್ಚರವಿದ್ದ ರೋಗಿಯ ಗಂಟಲಿಗೆ ಬೆರಳಿನ ಆಸರೆಯಿಂದ ಕೊಳವೆ ಇಳಿಸಿ, ಬಳಿಕ ಕ್ಲೋರೋಫಾರಂ ಕೊಟ್ಟರು. ಆ ರೋಗಿಯ ಧೈರ್ಯವನ್ನು ನೆನೆದರೆ ನನ್ನ ಗೊಣಗಾಟಕ್ಕೆ ನಾಚಿಕೆಯಾಗುತ್ತದೆ. ಮೊದಲ ಮಹಾಯುದ್ಧದ ನಂತರ, ಮುಖವೇ ಛಿದ್ರವಾಗಿದ್ದ ಸೈನಿಕರಿಗೆ ಮುಖವಾಡದಿಂದ ಅರಿವಳಿಕೆ ಕೊಡುವುದು ದುಸ್ತರವಾಯಿತು. ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಮ್ಯಾಗಿಲ್ ಮತ್ತು ರೋಬಾಥಮ್ ರಬ್ಬರ್ ಕೊಳವೆಗಳ ಬಳಕೆಯನ್ನು ಪಳಗಿಸಿದರು. ಅಮೆರಿಕದ ಆರ್ಥರ್ ಗೆಡೆಲ್ ಕೊಳವೆಯ ಸುತ್ತ ಗಾಳಿ ತುಂಬುವ ಪಟ್ಟಿಯನ್ನು ಸೇರಿಸಿದರು. ಅದು ಸೋರುವುದಿಲ್ಲವೆಂದು ತೋರಿಸಲು ತಮ್ಮ ನಾಯಿಗೆ ಅರಿವಳಿಕೆ ಕೊಟ್ಟು ನೀರಿನಲ್ಲಿ ಮುಳುಗಿಸಿಟ್ಟರಂತೆ. ನಾಯಿ ಎದ್ದು ಮೈ ಕೊಡವಿಕೊಂಡಿತು.

ಪ್ರಾಣ ಉಳಿಸಿದ ಆ ಪಟ್ಟಿಯೇ ಗಂಟಲಿಗೆ ಕಂಟಕವೂ ಆಯಿತು. ಅದರ ಒತ್ತಡ 30 ಸೆಂಟಿಮೀಟರ್ ನೀರಿನ ಮಟ್ಟವನ್ನು ಮೀರಿದರೆ ನಾಳದ ಒಳಪದರಕ್ಕೆ ರಕ್ತಸಂಚಾರ ಕುಗ್ಗುತ್ತದೆ. ಕೊಳವೆ ಧ್ವನಿತಂತುಗಳ ನಡುವೆಯೇ ಹಾಯುವುದರಿಂದ ಅವೂ ಉಜ್ಜಿ ಊದಿಕೊಳ್ಳುತ್ತವೆ. ಬಹುಮಂದಿಗೆ ಇದು ಕೆಲವೇ ದಿನಗಳ ಬಾಧೆ. ಅಪರೂಪಕ್ಕೆ ತಂತುಗಳ ಮೇಲೆ ಗಂಟು ಬೆಳೆಯುವುದುಂಟು, ಒಂದು ತಂತು ನಿಶ್ಚಲವಾಗುವುದೂ ಉಂಟು. ಆದ್ದರಿಂದ ವಾರಗಳು ಕಳೆದರೂ ದನಿ ತೆರೆಯದಿದ್ದರೆ ಗಂಟಲು ತಜ್ಞರಿಗೆ ತೋರಿಸಲೇಬೇಕು. 1981ರಲ್ಲಿ ಆರ್ಚಿ ಬ್ರೈನ್ ರೂಪಿಸಿದ ಸಾಧನ ಧ್ವನಿಪೆಟ್ಟಿಗೆಯ ಮೇಲೆಯೇ ಕೂರುತ್ತದೆ, ತಂತುಗಳನ್ನು ದಾಟುವುದಿಲ್ಲ. ಆದರೆ ಎಲ್ಲ ಶಸ್ತ್ರಚಿಕಿತ್ಸೆಗೂ ಅದು ಒಗ್ಗದು.

ಅಂದು ಸಕ್ಕರೆ, ರಕ್ತದೊತ್ತಡಗಳನ್ನೆಲ್ಲ ಕೇಳಿ ಬರೆದುಕೊಂಡವರು ನನ್ನ ಉದ್ಯೋಗವೇನೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಾಡುವವರೂ ಪಾಠ ಹೇಳುವವರೂ ಆದ ನನ್ನ ಶಿಷ್ಯರು ಕೇಳದಿದ್ದರೂ ಹೇಳಿಬಿಡಿ. ಹತ್ತನೆಯ ದಿನ ಮೊಮ್ಮಗಳಿಗೆ ಮಗ್ಗಿ ಹೇಳಿಕೊಡುವಷ್ಟು ದನಿ ಮರಳಿತು. ಷಟ್ಪದಿಯನ್ನು ರಾಗವಾಗಿ ಓದಹೊರಟರೆ ಮೇಲಿನ ಸ್ಥಾಯಿಯಲ್ಲಿ ಮಾತ್ರ ಇನ್ನೂ ಬಿರುಕು ಬಿಡುತ್ತದೆ.